ಮುಂಭಾರ

“ಮುಂದಿನದು ಮುಗೀತು ಸಾರ್. ಹಿಂದಿನದಕ್ಕೆ ಇನ್ನೂ ವಯಸ್ಸೇ ಆಗಿಲ್ಲ.”

ದೊಡ್ಡಬಳ್ಳಾಪುರದ ಟಿ.ಬಿ. ಸರ್ಕಲ್‌ನಿಂದ ಕೊಂಚ ಆಚೆಗೆ, ಮಗ್ಗದ ಸದ್ದು ದಿನವಿಡೀ ಕೇಳಿಸುವ ಓಣಿಯೊಂದರ ಗ್ಯಾರೇಜು. ನನ್ನ ಕಾರು ಜಾಕ್ ಮೇಲೆ ಮುಂಗಾಲೆತ್ತಿ ನಿಂತಿತ್ತು. ಮೆಕ್ಯಾನಿಕ್ ಕ್ಯಾಲಿಪರ್ ಬಿಚ್ಚಿ ಎರಡು ಕರಿ ಬಿಲ್ಲೆಗಳನ್ನು ನನ್ನ ಅಂಗೈಗೆ ಹಾಕಿದರು. ಹೊಸದರಲ್ಲಿ ಹತ್ತು ಹನ್ನೆರಡು ಮಿಲಿಮೀಟರ್ ದಪ್ಪ ಇದ್ದ ಬ್ರೇಕ್ ಪ್ಯಾಡು ಈಗ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟಕ್ಕೆ ಇಳಿದಿತ್ತು. ಇದು ಎರಡನೆಯ ಸಲ. ಎರಡು ಸಲವೂ ಮುಂದಿನದೇ. ಕಾರು ಎಂಬತ್ತು ಸಾವಿರ ಕಿಲೋಮೀಟರ್ ಓಡಿದೆ. ಹಿಂದಿನ ಬ್ರೇಕ್ ಶೂಗಳನ್ನು ಬಿಚ್ಚಿ ಒರೆಸಿ ಮತ್ತೆ ಹಾಕಿದ್ದು ಬಿಟ್ಟರೆ ಬದಲಾಯಿಸಿದ್ದೇ ಇಲ್ಲ.

ಗ್ಯಾರೇಜಿನ ಬೆಂಚಿನ ಮೇಲೆ ಕೂತವರಿಗೆ ಬರುವ ಮೊದಲ ಯೋಚನೆ ನನಗೂ ಬಂತು. ನನಗೆ ಟೋಪಿ ಬೀಳ್ತಿದೆಯೇ? ಪೆಡಲ್ ಒಂದೇ, ಗಾಲಿ ನಾಲ್ಕು. ಒತ್ತಿದಾಗ ನಾಲ್ಕೂ ದುಡಿಯುತ್ತವೆ ಎಂದ ಮೇಲೆ ನಾಲ್ಕೂ ಸವೆಯಬೇಕಲ್ಲ. ಕೇಳಿದೆ. ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಡದೆಯೇ ಮರುಪ್ರಶ್ನೆ ಹಾಕಿದರು: “ಬಸ್ಸಲ್ಲಿ ನಿಂತ್ಕೊಂಡು ಹೋಗಿದ್ದೀರಾ?”

ಉತ್ತರ ಅಷ್ಟರಲ್ಲೇ ಇತ್ತು. ಯಲಹಂಕದಿಂದ ಸಂಜೆ ಹೊರಡುವ ಬಸ್ಸಿನಲ್ಲಿ ಕಂಡಕ್ಟರ್ “ಒಳಗೆ ಹೋಗಿ, ಒಳಗೆ ಹೋಗಿ” ಎಂದು ಗಂಟಲು ಹರಿದುಕೊಂಡರೂ ಅಲ್ಲಾಡದ ಜನ, ಡ್ರೈವರ್ ಒಮ್ಮೆ ಬ್ರೇಕ್ ತುಳಿದರೆ ಒಟ್ಟಿಗೆ ಮುಂದಕ್ಕೆ ವಾಲುತ್ತಾರೆ. ಬಸ್ಸು ನಿಲ್ಲುತ್ತದೆ, ಒಳಗಿನ ಮೈಗಳಿಗೆ ಆ ಸುದ್ದಿ ತಡವಾಗಿ ಮುಟ್ಟುತ್ತದೆ. ಹಿಂದಿನ ಸೀಟಿನಲ್ಲಿಟ್ಟ ದೇವನಹಳ್ಳಿ ಚಕ್ಕೋತಹಣ್ಣು ಉರುಳಿ ಮುಂದಿನ ಸೀಟಿನ ಕೆಳಗೆ ಸೇರುವುದೂ ಹೀಗೆಯೇ. ಆದರೆ ಕಾರಿನ ವಿಷಯದಲ್ಲಿ ಇದು ಅರ್ಧ ಉತ್ತರ ಮಾತ್ರ. ಕಾರಿನ ಎಂಜಿನ್ ಚಕ್ಕೋತದ ಹಾಗೆ ಉರುಳಿ ಮುಂದೆ ಬರುವುದಿಲ್ಲ. ಎಲ್ಲವನ್ನೂ ಬೋಲ್ಟು ಹಾಕಿ ಬಿಗಿದಿದ್ದಾರೆ. ಏನೂ ಜರುಗದಿದ್ದರೂ ಭಾರ ಮಾತ್ರ ಮುಂದಕ್ಕೆ ಜರುಗುತ್ತದೆ. ಅದು ಹೇಗೆ?

ಇದಕ್ಕೆ ಎತ್ತಿನ ಗಾಡಿಯೇ ಒಳ್ಳೆಯ ಮೇಷ್ಟ್ರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋದ ತಲೆಮಾರು ಈಗಲೂ ನಮ್ಮ ತಾಲ್ಲೂಕಿನಲ್ಲಿದೆ. ಗಾಡಿ ಇಳಿಜಾರಿಗೆ ಬಂದೊಡನೆ ಅವರು ಮಾಡುತ್ತಿದ್ದ ಮೊದಲ ಕೆಲಸ ಹಿಂದಕ್ಕೆ ಸರಿದು ಕೂರುವುದು. ಸರಿಯದಿದ್ದರೆ ಮೂಕಿ ಕೆಳಗೆ ಒತ್ತಿ, ಹೇರಿನ ತೂಕವೆಲ್ಲ ನೊಗದ ಮೂಲಕ ಎತ್ತುಗಳ ಹೆಗಲಿಗೆ ಬೀಳುತ್ತದೆ. ಅದಕ್ಕೆ ‘ಮುಂಭಾರ’ ಎನ್ನುತ್ತಿದ್ದರು. ಏರಿಗೆ ಬಂದರೆ ‘ಹಿಂಭಾರ’. ಆಗ ನೊಗ ಮೇಲೆದ್ದು ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ, ಗಾಡಿ ಹೊಡೆಯುವವನು ಮೂಕಿಯ ಮೇಲೆ ಬಂದು ಕೂರಬೇಕು. ಹೇರು ಅದೇ, ಗಾಡಿ ಅದೇ. ಆದರೂ ಭಾರ ಯಾರ ಹೆಗಲ ಮೇಲೆ ಎಂಬುದು ಕ್ಷಣಕ್ಕೊಮ್ಮೆ ಬದಲಾಗುತ್ತದೆ. ಸಮನೆಲದಲ್ಲಿ ಓಡುವ ಗಾಡಿಯ ಎತ್ತುಗಳು ಗಕ್ಕನೆ ನಿಂತರೂ ನೊಗಕ್ಕೆ ಬೀಳುವುದು ಮುಂಭಾರವೇ.

ಕಾರಿನಲ್ಲೂ ಇಷ್ಟೇ. ತಡೆಯುವ ಬಲ ಹುಟ್ಟುವುದು ಟೈರು ನೆಲ ಮುಟ್ಟುವ ಜಾಗದಲ್ಲಿ. ತಡೆಯಬೇಕಾದ ಭಾರದ ನಡುಬಿಂದು ಇರುವುದು ನೆಲದಿಂದ ಎರಡು ಅಡಿಗೆ ಸ್ವಲ್ಪ ಕಡಿಮೆ ಎತ್ತರದಲ್ಲಿ. ಕಾಲು ಹಿಡಿದೆಳೆದರೆ ಮನುಷ್ಯ ಮುಗ್ಗರಿಸುವ ಹಾಗೆ, ಕೆಳಗಿನಿಂದ ಹಿಡಿದೆಳೆದ ಕಾರು ಮೂತಿ ಕೆಳಗೆ ಮಾಡಿ ಬಾಗುತ್ತದೆ. ಮುಂದಿನ ಸ್ಪ್ರಿಂಗುಗಳು ಕುಗ್ಗಿ ಮುಂದಿನ ಟೈರುಗಳು ನೆಲವನ್ನು ಒತ್ತಿ ಹಿಡಿಯುತ್ತವೆ. ಹಿಂದಿನವು ಹಗುರಾಗುತ್ತವೆ.

ಎಷ್ಟು ಹಗುರ? ಸ್ವಿಫ್ಟ್‌ನಂಥ ಕಾರಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2,450 ಮಿಲಿಮೀಟರ್. ಇಬ್ಬರು ಕೂತಾಗ ಒಟ್ಟು ತೂಕ 1,000 ಕೆ.ಜಿ. ಎಂದಿಟ್ಟುಕೊಳ್ಳಿ. ಎಂಜಿನ್, ಗೇರ್‌ಬಾಕ್ಸ್, ಬ್ಯಾಟರಿ ಎಲ್ಲವೂ ಬಾನೆಟ್ ಕೆಳಗೇ ಇರುವುದರಿಂದ ಸುಮ್ಮನೆ ನಿಂತಾಗಲೇ ಸುಮಾರು 600 ಕೆ.ಜಿ. ಮುಂದಿನ ಎರಡು ಗಾಲಿಗಳ ಮೇಲಿರುತ್ತದೆ. ಟ್ರಾಫಿಕ್‌ನಲ್ಲಿ ಮೆದುವಾಗಿ ಬ್ರೇಕ್ ಒತ್ತಿದರೆ ಇನ್ನೊಂದು 65–70 ಕೆ.ಜಿ. ಹಿಂದಿನಿಂದ ಮುಂದಕ್ಕೆ ವರ್ಗವಾಗುತ್ತದೆ. ನಾಯಿ ಅಡ್ಡ ಬಂತೆಂದು ಗಟ್ಟಿಯಾಗಿ ತುಳಿದರೆ 150 ಕೆ.ಜಿ. ದಾಟುತ್ತದೆ, ಎಂದರೆ ಎರಡು ಮೂಟೆ ಅಕ್ಕಿ ಮತ್ತು ಒಂದು ಹುಡುಗ. ಆ ಕ್ಷಣದಲ್ಲಿ ಮುಂದಿನ ಟೈರುಗಳ ಮೇಲೆ 750 ಕೆ.ಜಿ., ಹಿಂದಿನವುಗಳ ಮೇಲೆ 250. ಟೈರಿನ ಹಿಡಿತ ಅದರ ಮೇಲೆ ಬಿದ್ದ ಭಾರವನ್ನು ನಂಬಿರುತ್ತದೆ. ಕೆಲಸದ ಮುಕ್ಕಾಲು ಪಾಲು ಮುಂದಿನವಕ್ಕೆ ಹೋಗುವುದು ಹೀಗೆ.

ಹಾಗಾದರೆ ಹಿಂದಿನ ಬ್ರೇಕನ್ನೂ ಅಷ್ಟೇ ಬಲವಾಗಿ ಮಾಡಿದರೆ ಕೆಲಸ ಸಮಪಾಲು ಆಗದೆ? ಆಗದು. ಹಗುರಾದ ಗಾಲಿಯನ್ನು ಗಟ್ಟಿಯಾಗಿ ಹಿಡಿದರೆ ಅದು ತಿರುಗುವುದನ್ನೇ ನಿಲ್ಲಿಸಿ ಜಾರುತ್ತದೆ. ಜಾರುವ ಗಾಲಿಗೆ ದಿಕ್ಕಿಲ್ಲ. ಮನೆಯಲ್ಲೇ ಇದನ್ನು ನೋಡಬಹುದು. ಮಕ್ಕಳ ಆಟಿಕೆ ಕಾರಿನ ಹಿಂದಿನ ಗಾಲಿಗಳನ್ನು ಟೇಪು ಸುತ್ತಿ ತಿರುಗದ ಹಾಗೆ ಮಾಡಿ, ಓರೆಯಾಗಿಟ್ಟ ನುಣುಪು ಹಲಗೆಯ ಮೇಲಿಂದ ಬಿಡಿ. ಅರ್ಧ ದಾರಿಯಲ್ಲೇ ಅದು ಗಿರಕಿ ಹೊಡೆದು ಹಿಂದುಮುಂದಾಗಿ ಇಳಿಯುತ್ತದೆ. ಟೇಪನ್ನು ಮುಂದಿನ ಗಾಲಿಗಳಿಗೆ ಸುತ್ತಿದರೆ ನೇರ ಇಳಿಯುತ್ತದೆ. ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಈ ಎರಡರಲ್ಲಿ ಯಾವುದು ಬೇಕು ಎಂದು ಕೇಳಿದರೆ ಉತ್ತರಕ್ಕೆ ಎಂಜಿನಿಯರಿಂಗ್ ಓದಬೇಕಿಲ್ಲ. ಆದ್ದರಿಂದಲೇ ಕಾರು ತಯಾರಿಸುವವರು ಹಿಂದಿನ ಬ್ರೇಕನ್ನು ಬೇಕೆಂದೇ ಸಣ್ಣದು ಮಾಡುತ್ತಾರೆ. ಹಳೆಯ ಕಾರುಗಳಲ್ಲಿ ಹಿಂದಕ್ಕೆ ಹೋಗುವ ಒತ್ತಡವನ್ನು ತಗ್ಗಿಸಲು ವಾಲ್ವ್ ಒಂದಿತ್ತು, ಈಗ ಗಾಲಿ ಜಾರದಂತೆ ಕಾಯುವ ಎಬಿಎಸ್ ಜೊತೆಗಿನ ಇಬಿಡಿ ಎಂಬ ವ್ಯವಸ್ಥೆ ಆ ಲೆಕ್ಕವನ್ನು ಕ್ಷಣಕ್ಷಣವೂ ಮಾಡುತ್ತದೆ. ನಮ್ಮ ದೇಶದ ಎಲ್ಲ ಹೊಸ ಕಾರುಗಳಿಗೂ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ.

ಮೆಕ್ಯಾನಿಕ್‌ ಮೇಲಿದ್ದ ಅನುಮಾನ ಇಲ್ಲಿಗೆ ತೀರಿತು. ಮುಂದಿನ ಪ್ಯಾಡ್ ಬೇಗ ಸವೆಯುವುದು ಕಾರು ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದರ ರಶೀದಿ. ನನ್ನಂಥ ಸಣ್ಣ ಕಾರಿನಲ್ಲಿ ಹಿಂದಿನದು ಮೊದಲು ಸವೆದಿದ್ದರೆ ಆಗ ಗಾಬರಿಯಾಗಬೇಕಿತ್ತು. ಹ್ಯಾಂಡ್‌ಬ್ರೇಕ್ ಅರ್ಧ ಎಳೆದುಕೊಂಡೇ ಊರೆಲ್ಲ ಸುತ್ತಿದ್ದೇವೆ, ಇಲ್ಲವೇ ಮುಂದಿನ ಕ್ಯಾಲಿಪರ್ ಜಾಮ್ ಆಗಿ ದುಡಿಯುವುದನ್ನೇ ಬಿಟ್ಟಿದೆ ಎಂದು ಅರ್ಥ.

ಮುಂದೆ ಡಿಸ್ಕ್, ಹಿಂದೆ ಡ್ರಮ್ ಎಂಬ ಜೋಡಿಗೂ ಇದೇ ಕಾರಣ. ಬ್ರೇಕ್ ಎಂದರೆ ಕೊನೆಗೆ ಓಟವನ್ನು ಬಿಸಿಯಾಗಿ ಬದಲಿಸುವ ಯಂತ್ರ. ಡಿಸ್ಕ್ ಗಾಳಿಗೆ ತೆರೆದುಕೊಂಡಿದೆ, ಬೇಗ ಆರುತ್ತದೆ. ಡ್ರಮ್ ಮುಚ್ಚಿದ ಪಾತ್ರೆ. ಬಿಸಿಯಾದಷ್ಟೂ ಹಿಗ್ಗಿ ಒಳಗಿನ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಇನ್ನಷ್ಟು ಕೆಳಗಿಳಿಯುತ್ತದೆ. ಕೆಲಸ ಕಡಿಮೆ ಇರುವ ಕಡೆ ಅದು ನಡೆಯುತ್ತದೆ. ಹ್ಯಾಂಡ್‌ಬ್ರೇಕಿಗೂ ಅದೇ ಅನುಕೂಲ, ಬೆಲೆಯೂ ಕಡಿಮೆ. ಶೂಗಳ ಮೈ ಅಗಲ, ಬೀಳುವ ಕೆಲಸ ಕಡಿಮೆ, ರಸ್ತೆಯ ಮರಳು ಒಳಗೆ ನುಗ್ಗುವುದೂ ಕಡಿಮೆ. ಅವು ಲಕ್ಷ ಕಿಲೋಮೀಟರ್ ಬಾಳಿದರೆ ಸೋಜಿಗವೇನಿಲ್ಲ. ಅಂಬಾಸಿಡರ್ ಮತ್ತು ಪದ್ಮಿನಿಗಳು ಬಹುಕಾಲ ನಾಲ್ಕೂ ಕಡೆ ಡ್ರಮ್ ಇಟ್ಟುಕೊಂಡೇ ಓಡಿದವು. ಮಾರುತಿ 800ರ ಕಾಲದಲ್ಲಿ ‘ಮುಂದೆ ಡಿಸ್ಕ್’ ಎನ್ನುವುದು ನಮ್ಮ ಮನೆಗಳ ಮಾತಾಯಿತು.

ಹಂಪ್‌ನ ಲೆಕ್ಕ

ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿಂದ ಎಲ್ಲಿಗೆ ಹೊರಟರೂ ಕಾಣುವುದು ಒಂದೇ ದೃಶ್ಯ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಸುತ್ತಿಕೊಂಡು ಹೊಸಕೋಟೆ ಮುಟ್ಟುವ ಸ್ಯಾಟಲೈಟ್ ಟೌನ್ ರಿಂಗ್ ರೋಡಿನಲ್ಲಿ ಬ್ರೇಕ್ ಪೆಡಲ್ ಇದೆ ಎಂಬುದೇ ಮರೆತುಹೋಗುತ್ತದೆ. ಅದರಿಂದ ಇಳಿದು ಮೊದಲ ಊರಿಗೆ ತಿರುಗಿದೊಡನೆ ಹಂಪ್‌ಗಳು ಶುರು. ಶಾಲೆಗೊಂದು, ದೇವಸ್ಥಾನಕ್ಕೊಂದು, ಹಾಲಿನ ಡೇರಿಗೊಂದು, ಹಿಂದೆ ಯಾವಾಗಲೋ ಅಪಘಾತವಾದ ಜಾಗಕ್ಕೆ ಎರಡು. ಇಂಡಿಯನ್ ರೋಡ್ ಕಾಂಗ್ರೆಸ್‌ನ ಪ್ರಕಾರ ಹಂಪ್ ಎಂದರೆ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿಲೋಮೀಟರ್‌ನಲ್ಲಿ ಮೈ ಕುಲುಕದೆ ದಾಟಬಹುದಾದ ದಿಬ್ಬ ಅದು. ನಮ್ಮೂರುಗಳಲ್ಲಿರುವುದು ರಾತ್ರೋರಾತ್ರಿ ಸುರಿದ ಜಲ್ಲಿ ಗುಡ್ಡೆ. ಅದಕ್ಕೆ ಬಿಳಿ ಬಣ್ಣ ಬಳಿಯುವುದು ಚುನಾವಣೆಯಂತೆ ಅಪರೂಪ. ದಾಟಬೇಕಾದರೆ ಹತ್ತಕ್ಕೆ ಇಳಿಯಲೇಬೇಕು.

ಐವರು ಕೂತ, 1,200 ಕೆ.ಜಿ. ತೂಗುವ ಕಾರು ಎಂಬತ್ತರ ವೇಗದಿಂದ ಪೂರ್ತಿ ನಿಂತರೆ ಹುಟ್ಟುವ ಬಿಸಿ ಸುಮಾರು ಒಂದು ಲೀಟರ್ ನೀರನ್ನು ಕುದಿಗೆ ತರುವಷ್ಟು. ಅರವತ್ತರಿಂದ ಹತ್ತಕ್ಕೆ ಇಳಿದರೆ ಅರ್ಧ ಲೀಟರ್. ಅಂದರೆ ಒಂದು ಹಂಪ್‌ಗೆ ನಾಲ್ಕೈದು ಲೋಟ ಕಾಫಿಗಾಗುವಷ್ಟು ಬಿಸಿನೀರು.

ಈಗ ಈ ಹಂಪನ್ನು ನಂದಿ ಬೆಟ್ಟದ ಪಕ್ಕದಲ್ಲಿಟ್ಟು ನೋಡೋಣ. ಭಾನುವಾರ ನಸುಕಿಗೆ ಬೆಂಗಳೂರಿನ ಅರ್ಧ ಯೌವನ ಕಾರಹಳ್ಳಿ ಕ್ರಾಸ್ ದಾಟಿ ಅಲ್ಲಿಗೆ ಹೋಗುತ್ತದೆ. ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್, ದೇವನಹಳ್ಳಿಯ ವಿಮಾನ ನಿಲ್ದಾಣ 915. ಬುಡದಿಂದ ತುದಿಗೆ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರ. ಅಷ್ಟನ್ನೂ ಬ್ರೇಕ್ ತುಳಿದೇ ಇಳಿದರೆ ಐವರಿದ್ದ ಅದೇ ಕಾರಿನ ಬಿಸಿ ನಮ್ಮ ಮನೆಗೆ ಬರುವ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಒಂದನ್ನು ಹತ್ತಿರಹತ್ತಿರ ಪೂರ್ತಿ ಕುದಿಸಬಲ್ಲದು. ಭಾಗಾಕಾರ ಮಾಡಿದರೆ ಒಂದು ನಂದಿ ಬೆಟ್ಟ ಅಂದರೆ ಮೂವತ್ತಾರು ಹಂಪ್. ಕಾರಿನ ತೂಕ ಎಷ್ಟೇ ಇರಲಿ ಈ ಅನುಪಾತ ಬದಲಾಗದು. ಗಾಳಿ, ಟೈರು, ಎಂಜಿನ್ ಎಲ್ಲ ತಮ್ಮ ಪಾಲು ತೆಗೆದುಕೊಳ್ಳುತ್ತವೆ ನಿಜ. ಆದರೂ ನನ್ನ ಮಟ್ಟಿಗೆ ಇದು ದೊಡ್ಡ ಜ್ಞಾನೋದಯ. ದಿನವೂ ಆಫೀಸಿಗೆ ಹೋಗಿ ಬರುವ ದಾರಿಯಲ್ಲಿ ನಾನು ದಾಟುವ ಹಂಪ್‌ಗಳನ್ನು ಎಣಿಸಿದೆ, ಹೋಗುವಾಗ ಹದಿನೆಂಟು, ಬರುವಾಗ ಹದಿನೆಂಟು. ಎರಡು ದಿನಕ್ಕೊಮ್ಮೆ ಅಲ್ಲ, ದಿನಕ್ಕೊಮ್ಮೆ ನಂದಿ ಬೆಟ್ಟ ಇಳಿಯುತ್ತಿದ್ದೇನೆ, ಸೂರ್ಯೋದಯ ನೋಡುವ ಭಾಗ್ಯವಿಲ್ಲದೆ.

ನಂದಿ ಬೆಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದು. ಅಲ್ಲಿಂದ ಇಳಿದ ಕಾರುಗಳ ಬ್ರೇಕ್ ತಣಿಯುವುದು ಮಾತ್ರ ಬಹುಪಾಲು ನಮ್ಮ ಜಿಲ್ಲೆಯ ಗಡಿಯೊಳಗೆ. 2025ರ ಜುಲೈ 2ರಂದು ನಮ್ಮ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿದ್ದೂ ಅದೇ ಬೆಟ್ಟದ ಮೇಲೆ ಕೂತು. ಆ ದಿನ ಸರ್ಕಾರಿ ಕಾರುಗಳ ಸಾಲು ಇಳಿದಾಗ ಎಷ್ಟು ಕ್ಯಾನ್ ನೀರು ಕುದಿಯಬಹುದಿತ್ತೋ!

ಇಳಿಯುವಾಗ ಕೆಲವರು ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುತ್ತಾರೆ, ಇನ್ನೂ ಜಾಣರಾದವರು ಎಂಜಿನ್ನನ್ನೇ ಆರಿಸುತ್ತಾರೆ. ಇದರಷ್ಟು ಅಪಾಯದ ಉಳಿತಾಯ ಬೇರೊಂದಿಲ್ಲ. ನಾವು ಬೆರಳ ತುದಿಯಷ್ಟು ಹಗುರವಾಗಿ ಪೆಡಲ್ ಒತ್ತಿದರೂ ಕಾರು ನಿಲ್ಲುವುದು ಬೂಸ್ಟರ್ ಎಂಬ ಡಬ್ಬಿಯ ಸಹಾಯದಿಂದ. ಸಾಮಾನ್ಯ ಕಾರುಗಳಲ್ಲಿ ಅದಕ್ಕೆ ಶಕ್ತಿ ಬರುವುದು ಓಡುವ ಎಂಜಿನ್‌ನಿಂದ. ಎಂಜಿನ್ ಆರಿದರೆ ಎರಡು ಮೂರು ಸಲ ಒತ್ತುವಷ್ಟು ಕಸುವು ಅದರಲ್ಲಿ ಉಳಿದಿರುತ್ತದೆ. ಆಮೇಲೆ ಪೆಡಲ್ ಕಲ್ಲು. ಬ್ರೇಕ್ ಆಯಿಲ್‌ನದು ಇನ್ನೊಂದು ಕತೆ. ಹೊಸ ಡಾಟ್ 3 ಆಯಿಲ್ ಕುದಿಯುವುದು 205 ಡಿಗ್ರಿ ಸೆಲ್ಸಿಯಸ್‌ಗೆ. ಆದರೆ ಅದು ಗಾಳಿಯ ತೇವವನ್ನು ಹೀರುವ ಜಾತಿ. ಹಳತಾಗಿ ನೀರು ಕುಡಿದ ಆಯಿಲ್ 140ಕ್ಕೇ ಕುದಿಯಬಹುದು. ಕುದಿದರೆ ಕೊಳವೆಯೊಳಗೆ ಆವಿಯ ಗುಳ್ಳೆ ಏಳುತ್ತದೆ, ದ್ರವದಂತೆ ಆವಿ ಬಲವನ್ನು ದಾಟಿಸುವುದಿಲ್ಲ, ಕಾಲು ನೆಲಕ್ಕೆ ತಾಗಿದರೂ ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎಂದು ಗ್ಯಾರೇಜಿನವರು ಹೇಳಿದಾಗ ನಾವು ಮುಖ ಸಿಂಡರಿಸುವುದು ಈ 65 ಡಿಗ್ರಿ ವ್ಯತ್ಯಾಸ ತಿಳಿಯದೆ. ಎರಡನೇ ಗೇರಿನಲ್ಲಿ ಇಳಿದರೆ ಕೆಲಸದ ದೊಡ್ಡ ಪಾಲನ್ನು ಎಂಜಿನ್ನೇ ಮಾಡುತ್ತದೆ. ಆಗ ಇಂಜೆಕ್ಷನ್ ಇರುವ ಕಾರುಗಳು ಪೆಟ್ರೋಲನ್ನೂ ಕುಡಿಯುವುದಿಲ್ಲ. ನ್ಯೂಟ್ರಲ್‌ನಲ್ಲಿ ಇಳಿದವರು ಉಳಿಸಿದ್ದೇನು ಹಾಗಾದರೆ?

ಮುಂದಿನ ಬ್ರೇಕ್ ಹಾಕಿದರೆ ಬೀಳ್ತೀಯ

ಹಳ್ಳಿಯಲ್ಲಿ ಬೈಕ್ ಕಲಿಸುವವರು ಹೇಳಿಕೊಡುವ ಮೊದಲ ಪಾಠ ಇದು. ನನಗೂ ಹೇಳಿದ್ದರು. ಮಣ್ಣುರಸ್ತೆಯ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಹ್ಯಾಂಡಲ್ ತಿರುಗಿಸಿದಾಗ, ಜಲ್ಲಿಯ ಮೇಲೆ, ಮುಂದಿನ ಗಾಲಿ ಹಿಡಿದುಕೊಂಡರೆ ಬೈಕು ಮಲಗುವುದು ನಿಜ. ಆದರೆ ಟಾರು ಬಂದು ಎಷ್ಟೋ ವರ್ಷಗಳಾದವು, ಹೆದರಿಕೆ ಮಾತ್ರ ಹಾಗೇ ಉಳಿಯಿತು. ಬಲಗಾಲು ಹಿಂದಿನ ಬ್ರೇಕಿನ ಮೇಲೆ ಖಾಯಂ, ಬಲಗೈಯ ಲಿವರ್ ಅಲಂಕಾರಕ್ಕೆ. ಫಲವಾಗಿ, ಕಾರಿನಲ್ಲಿ ಮುಂದಿನದು ಸವೆದರೆ ನಮ್ಮ ಬೈಕುಗಳಲ್ಲಿ ಮೊದಲು ಮುಗಿಯುವುದು ಹಿಂದಿನ ಲೈನರ್. ಬೈಕು ಗಿಡ್ಡ, ಅದರ ಮೇಲೆ ಕೂತವರ ಭಾರ ಎತ್ತರದಲ್ಲಿ. ಮುಂಭಾರ ಕಾರಿಗಿಂತಲೂ ಹೆಚ್ಚು. ಅಂದರೆ ಬಹಳ ಹಗುರಾಗುವ ಗಾಲಿಗೇ ನಾವು ಎಲ್ಲ ಕೆಲಸ ಹಚ್ಚುತ್ತಿದ್ದೇವೆ. ಸರ್ಕಾರ 2019ರಲ್ಲಿ 125 ಸಿ.ಸಿ.ವರೆಗಿನ ಬೈಕುಗಳಿಗೆ ಒಂದು ಬ್ರೇಕ್ ಒತ್ತಿದರೆ ಎರಡೂ ಹಿಡಿಯುವ ಸಿಬಿಎಸ್ ಕಡ್ಡಾಯ ಮಾಡಿದ್ದಕ್ಕೆ ಈ ಅಭ್ಯಾಸವೂ ಒಂದು ಕಾರಣ ಎಂದೇ ನನ್ನ ಎಣಿಕೆ.

ಈ ಹೆದರಿಕೆ ನಮ್ಮೊಬ್ಬರದ್ದಲ್ಲ. ಮೊದಮೊದಲ ಕಾರುಗಳಿಗೆ ಮುಂದಿನ ಗಾಲಿಗಳಲ್ಲಿ ಬ್ರೇಕೇ ಇರಲಿಲ್ಲ. 1888ರ ಆಗಸ್ಟಿನಲ್ಲಿ ಬೆರ್ತಾ ಬೆಂಜ್ ಎಂಬ ಗಟ್ಟಿಗಿತ್ತಿ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಅವನೇ ಮಾಡಿದ ಮೋಟಾರು ಗಾಡಿಯಲ್ಲಿ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರ್ ದಾಟಿ ಹೋದಳು. ಇಳಿಜಾರುಗಳಲ್ಲಿ ಹಿಂದಿನ ಗಾಲಿಯ ಮರದ ಬ್ರೇಕು ಸವೆಯುತ್ತ ಬಂದಾಗ ದಾರಿಯಲ್ಲಿ ಚಮ್ಮಾರನೊಬ್ಬನನ್ನು ಹುಡುಕಿ ಅದಕ್ಕೆ ತೊಗಲು ಹೊಡೆಸಿದಳು. ಬ್ರೇಕ್ ಲೈನಿಂಗ್ ಹುಟ್ಟಿದ್ದು ಹಾಗೆ ಎನ್ನುತ್ತಾರೆ. ‘ಬ್ರೇಕ್ ಶೂ’ ಎಂಬ ಹೆಸರು ಅದಕ್ಕಿಂತ ಹಳೆಯದು, ಆದರೂ ಶೂ ಹೊಲಿಯುವವನ ಕೈಯಲ್ಲೇ ಅದು ರಿಪೇರಿಯಾದದ್ದು ಚಂದ. ಕೋಟಿಗೂ ಮೀರಿ ಮಾರಾಟವಾದ ಫೋರ್ಡ್‌ನ ಮಾಡೆಲ್ ಟಿ 1927ರಲ್ಲಿ ನಿಲ್ಲುವವರೆಗೂ ಮುಂದಿನ ಬ್ರೇಕ್ ಕಾಣಲಿಲ್ಲ. ಮುಂದೆ ಬ್ರೇಕ್ ಹಾಕಿದರೆ ಕಾರು ಪಲ್ಟಿ ಹೊಡೆಯುತ್ತದೆ, ಸ್ಟಿಯರಿಂಗ್ ಕೈ ಕೊಡುತ್ತದೆ ಎಂದು ವಾದ ಮಾಡಿದವರಿದ್ದರು. 1920ರ ದಶಕದಲ್ಲಿ ನಾಲ್ಕು ಗಾಲಿಗೂ ಬ್ರೇಕ್ ಬಂದ ಕಾರುಗಳಲ್ಲಿ ಕೆಲವು, ತಾವು ಥಟ್ಟನೆ ನಿಲ್ಲಬಲ್ಲೆವು, ಹಿಂದೆ ಬರುವವರು ಹುಷಾರು ಎಂದು ಬೆನ್ನಿಗೆ ಕೆಂಪು ತ್ರಿಕೋನ ಅಂಟಿಸಿಕೊಂಡು ಓಡಾಡಿದವು.

ವಿಮಾನದ ಗಾಲಿ, ಲಾರಿಯ ಗಾಲಿ

ಮುಂದಿನ ಗಾಲಿಗೇ ಹೆಚ್ಚು ಕೆಲಸ ಎಂಬುದನ್ನು ಸೃಷ್ಟಿಯ ನಿಯಮ ಮಾಡಿಕೊಳ್ಳಬೇಡಿ. ದೇವನಹಳ್ಳಿಯ ಕಡೆ ತಲೆ ಎತ್ತಿದರೆ ಅದಕ್ಕೆ ಎದುರುತ್ತರ ಸಿಗುತ್ತದೆ. ಕೆಂಪೇಗೌಡ ವಿಮಾನ ನಿಲ್ದಾಣದ 4,000 ಮೀಟರ್ ರನ್‌ವೇ ಮೇಲೆ ಇಳಿಯುವ ಏರ್‌ಬಸ್ ಎ320 ವಿಮಾನದ ಮೂಗಿನ ಕೆಳಗಿನ ಗಾಲಿಗಳಿಗೆ ನಿಲ್ಲಿಸುವ ಬ್ರೇಕೇ ಇಲ್ಲ. ಇರುವುದೆಲ್ಲ ರೆಕ್ಕೆಯ ಬುಡದ ನಾಲ್ಕು ಗಾಲಿಗಳಲ್ಲಿ, ಕಾರ್ಬನ್ ತಟ್ಟೆಗಳ ಕಟ್ಟುಗಳಾಗಿ. ಏಕೆಂದರೆ ವಿಮಾನದ ಭಾರದ ಬಹುಪಾಲನ್ನು ಆ ನಾಲ್ಕೇ ಹೊರುತ್ತವೆ. ಮೂಗಿನ ಗಾಲಿ ದಿಕ್ಕು ತೋರಿಸಲು ಇರುವುದು. ನೆಲ ಮುಟ್ಟಿದೊಡನೆ ರೆಕ್ಕೆಯ ಮೇಲೆ ಹಲಗೆಗಳು ಎದ್ದು ನಿಲ್ಲುವುದನ್ನು ಕಿಟಕಿ ಸೀಟಿನವರು ನೋಡಿರುತ್ತೀರಿ. ಅವು ಗಾಳಿಯನ್ನು ತಡೆಯುವುದಷ್ಟೇ ಅಲ್ಲ, ರೆಕ್ಕೆಯ ಎತ್ತುವ ಶಕ್ತಿಯನ್ನು ಕೊಂದು ವಿಮಾನದ ತೂಕವನ್ನು ಗಾಲಿಗಳ ಮೇಲೆ ಕೂರಿಸುತ್ತವೆ. ಭಾರವಿಲ್ಲದ ಗಾಲಿಗೆ ಬ್ರೇಕ್ ಹಾಕಿ ಪ್ರಯೋಜನವಿಲ್ಲ ಎಂಬ ಅದೇ ಮಾತು, ಬೇರೆ ಬಾಯಲ್ಲಿ.

ನೆಲಮಂಗಲದಿಂದ ಹಾಸನದ ದಾರಿ ಹಿಡಿದು ಶಿರಾಡಿ ಘಾಟಿ ಇಳಿಯುವ ಹೇರು ತುಂಬಿದ ಲಾರಿಯಲ್ಲೂ ಹಿಂದಿನ ಗಾಲಿಗಳು ಬಿಟ್ಟಿ ಕೂರುವುದಿಲ್ಲ. ಅದರ ಸರಕು ಇರುವುದೇ ಅವುಗಳ ಮೇಲೆ. ಲಾರಿ ಖಾಲಿಯಾಗಿ ವಾಪಸಾಗುವಾಗ ಲೆಕ್ಕ ಮತ್ತೆ ತಿರುಗುತ್ತದೆ, ಮಳೆಯಲ್ಲಿ ಖಾಲಿ ಲಾರಿಯ ಬೆನ್ನು ಸರ್ರನೆ ಪಕ್ಕಕ್ಕೆ ಜಾರುವುದು ಅದಕ್ಕೇ. 1998ರಿಂದ ವೋಲ್ವೊ ಕಾರ್ಖಾನೆಗೆ ಮನೆಯಾದ ಹೊಸಕೋಟೆಯಿಂದ ಬಂದ ಬಸ್ಸುಗಳಲ್ಲಿ ರಿಟಾರ್ಡರ್ ಎಂಬ ಸಾಧನ ಇರುತ್ತದೆ. ಘಾಟಿ ಇಳಿಯುವಾಗ ಅದು ಗೇರ್‌ಬಾಕ್ಸಿನ ಕಡೆಯಿಂದಲೇ ಬಸ್ಸನ್ನು ತಡೆಹಿಡಿದು ಗಾಲಿಯ ಬ್ರೇಕುಗಳನ್ನು ತಂಪಾಗಿಡುತ್ತದೆ. ರಾತ್ರಿ ಬಸ್ಸಿನಲ್ಲಿ ಮಲಗಿದವರಿಗೆ ಇಳಿಜಾರಿನಲ್ಲಿ ಕೇಳಿಸುವ ಮಂದ್ರದ ಗುಂಯ್ ಸದ್ದು ಅದರದು.

ಎಲೆಕ್ಟ್ರಿಕ್ ಕಾರುಗಳು ಈ ಆಟವನ್ನು ಇನ್ನಷ್ಟು ಬದಲಿಸಿವೆ. 2001ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪುಟ್ಟ ರೇವಾ ಕಾರು ಆಗಲೇ ಬ್ರೇಕ್ ಒತ್ತಿದಾಗ ಮೋಟಾರನ್ನು ಡೈನಮೊ ಮಾಡಿ ಬ್ಯಾಟರಿಗೆ ಒಂದಿಷ್ಟು ಕರೆಂಟು ವಾಪಸ್ ಕೊಡುತ್ತಿತ್ತು. ಬಿಸಿಯಾಗಿ ಗಾಳಿಗೆ ಹೋಗಬೇಕಾದದ್ದು ನಾಳೆಯ ಓಟಕ್ಕೆ ಜಮೆ. ಹೀಗಾಗಿ ಇಂಥ ಕಾರುಗಳ ಪ್ಯಾಡ್ ಸವೆಯುವುದಕ್ಕಿಂತ ಡಿಸ್ಕ್ ತುಕ್ಕು ಹಿಡಿಯುವುದೇ ದೊಡ್ಡ ಚಿಂತೆ. ಫೋಕ್ಸ್‌ವ್ಯಾಗನ್‌ನಂಥ ಕಂಪನಿ ತನ್ನ ಹೊಸ ಎಲೆಕ್ಟ್ರಿಕ್ ಕಾರಿನ ಹಿಂದಿನ ಗಾಲಿಗೆ ಮತ್ತೆ ಹಳೆಯ ಡ್ರಮ್ಮನ್ನೇ ಕರೆತಂದಿದೆ. ಇನ್ನು ಕೆಲವು ಹೊಸ ದುಬಾರಿ ಕಾರುಗಳಲ್ಲಿ ಹಿಂದಿನ ಪ್ಯಾಡೇ ಮೊದಲು ಸವೆಯುವುದುಂಟು. ಮೆದುವಾಗಿ ಒತ್ತಿದಾಗ ಮೂತಿ ಬಾಗದಿರಲಿ ಎಂದು, ತಿರುವಿನಲ್ಲಿ ಕಾರು ಹದ ತಪ್ಪದಿರಲಿ ಎಂದು, ಕಂಪ್ಯೂಟರು ಹಿಂದಿನ ಬ್ರೇಕನ್ನು ನಮಗೆ ಗೊತ್ತಿಲ್ಲದೆಯೇ ಬಳಸುತ್ತಿರುತ್ತದೆ. ಅಂಥ ಕಾರಿನವರು ಗಾಬರಿಯಾಗಬೇಕಿಲ್ಲ.

ಸವೆದದ್ದು ಹೋಗುವುದೆಲ್ಲಿಗೆ ಎಂದು ನಾವು ಕೇಳಿಕೊಳ್ಳುವುದೇ ಕಡಿಮೆ. ಬಿಳಿ ಕಾರಿನ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಕಪ್ಪಗಿರುವುದನ್ನು ಗಮನಿಸಿ. ಅದು ರಸ್ತೆಯ ಧೂಳಲ್ಲ, ಪ್ಯಾಡ್ ಮತ್ತು ಡಿಸ್ಕಿನ ಪುಡಿ. ಗಾಲಿಗೆ ಅಂಟಿದ್ದು ಸ್ವಲ್ಪ, ಉಳಿದದ್ದು ನಮ್ಮ ಮೂಗಿಗೆ. ಯುರೋಪಿನವರು ಯುರೋ 7 ನಿಯಮದಲ್ಲಿ ಮೊದಲ ಬಾರಿಗೆ ಇದಕ್ಕೂ ಮಿತಿ ಹಾಕಿದ್ದಾರೆ. ಪೆಟ್ರೋಲ್, ಡೀಸೆಲ್ ಕಾರು ಕಿಲೋಮೀಟರಿಗೆ 7 ಮಿಲಿಗ್ರಾಂಗಿಂತ ಹೆಚ್ಚು ಬ್ರೇಕ್ ಪುಡಿ ಉದುರಿಸಬಾರದು. ನಮ್ಮಲ್ಲಿ ಡ್ರಮ್ ಬಿಚ್ಚಿದ ಹುಡುಗ ಬಾಯಿಂದಲೇ ‘ಉಫ್’ ಎಂದು ಊದಿ ಅದನ್ನು ಕ್ಲೀನ್ ಮಾಡುತ್ತಾನೆ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದರ ಎಳೆ ಒಮ್ಮೆ ಶ್ವಾಸಕೋಶ ಹೊಕ್ಕರೆ ಹೊರಬರುವುದಿಲ್ಲ. ಒಂದು ಒದ್ದೆ ಬಟ್ಟೆ ಸಾಕು ಎಂದು ಆ ಹುಡುಗನಿಗೆ ಹೇಳಿದೆ. ಅವನು ನಕ್ಕ. ಮೆಕ್ಯಾನಿಕ್ ನಗಲಿಲ್ಲ, ಬಕೆಟ್ ತೋರಿಸಿದರು.

ಹೊಸ ಪ್ಯಾಡ್ ಕೂರಿಸಿ, ಪೆಡಲನ್ನು ನಾಲ್ಕಾರು ಸಲ ಒತ್ತಿ ನೋಡಿ, ಅವರು ಒಂದು ಮಾತು ಹೇಳಿದರು. ಹಳೆಯ ಪ್ಯಾಡಿನ ಬೆನ್ನಿಗೆ ಅಂಟಿಕೊಂಡಿದ್ದ ಪುಟ್ಟ ಉಕ್ಕಿನ ನಾಲಿಗೆ ತೋರಿಸಿ, “ಇದು ಡಿಸ್ಕಿಗೆ ತಾಗಿ ಕಿರ್ರ್ ಅಂತ ತಿಂಗಳಿಂದ ಕೂಗ್ತಿರಬೇಕು. ನೀವು ಹಾಡು ಜೋರಾಗಿ ಹಾಕ್ಕೊಂಡಿದ್ರಿ ಅನ್ಸುತ್ತೆ.” ನಿಜ. ಆ ನಾಲಿಗೆ ಇರುವುದೇ ಕೂಗುವುದಕ್ಕೆ. ಅದನ್ನೂ ದಾಟಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಡಿಸ್ಕ್ ಗೀರಿಹೋಗುತ್ತದೆ. ಆಗ ಪ್ಯಾಡಿನ ಜೊತೆ ಡಿಸ್ಕಿಗೂ ದುಡ್ಡು ಕಟ್ಟಬೇಕು.

ಹಿಂದಿನ ಡ್ರಮ್ಮನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮುಚ್ಚಿದರು. “ಮೊದಲ ಇನ್ನೂರು ಕಿಲೋಮೀಟರ್ ಜೋರಾಗಿ ಬ್ರೇಕ್ ಹಾಕ್ಬೇಡಿ ಸಾರ್, ಪ್ಯಾಡು ಡಿಸ್ಕಿಗೆ ಹೊಂದ್ಕೋಬೇಕು. ಮೆತ್ತಗೆ ಓಡ್ಸಿ.” ಹೂಂ ಎಂದು ಕೀಲಿ ತಿರುಗಿಸಿದೆ. ಓಣಿ ದಾಟಿ ಮುಖ್ಯರಸ್ತೆಗೆ ಬಂದು ಮೂರನೇ ಗೇರಿಗೆ ಹಾಕಿದ್ದೆನಷ್ಟೆ. ನಿನ್ನೆ ಇಲ್ಲದ ಹಂಪ್ ಒಂದು, ಬಣ್ಣವೂ ಇಲ್ಲದೆ, ರಸ್ತೆಯ ಅಗಲಕ್ಕೂ ಮಲಗಿತ್ತು.